ಎರಡೂ ಒಟ್ಟಿಗೆ ತಳ್ಳಬೇಕು

ಕೇಳುಗರಿಗೆಲ್ಲ ನಮಸ್ಕಾರ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಹೊಸ ಮನೆ ಕಟ್ಟಿದವರು ಹಾಲ್‌ನಲ್ಲಿ ಹೋಮ್ ಥಿಯೇಟರ್ ಇಡುವುದು ಈಗ ಸಾಮಾನ್ಯ. ಹಳೆಯ ಸೆಟ್ಟಿನ ಸಬ್‌ವೂಫರ್, ಅಂದರೆ ಬೇಸ್ ಅನ್ನುವ ಗುಡುಗಿನಂಥ ತಗ್ಗು ಶಬ್ದ ಕೊಡುವ ಸ್ಪೀಕರ್ ಡಬ್ಬ, ಹೇಗೂ ಮನೆಯಲ್ಲಿ ಇರುತ್ತದೆ. ಅದರ ಜೊತೆಗೆ ದೊಡ್ಡದೊಂದು ಬರುತ್ತದೆ. ಹಳೆಯದನ್ನು ಮಾರಿದರೆ ಏನೂ ಹುಟ್ಟುವುದಿಲ್ಲ, ಎರಡನ್ನೂ ಹಾಕಿಬಿಡೋಣ ಅನ್ನುತ್ತಾರೆ. ಖಂಡಿತ ಹಾಕಿ. ಕಂಪನಿ ಬೇರೆ ಆದರೂ ಪರವಾಗಿಲ್ಲ, ಅಳತೆ ಬೇರೆ ಆದರೂ ಪರವಾಗಿಲ್ಲ. ನೀವು ಕೂರುವ ಜಾಗದಲ್ಲಿ ಎರಡೂ ಒಟ್ಟಿಗೆ ತಳ್ಳಬೇಕು, ಅಷ್ಟೇ. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ ಮಾತು.

ತಳ್ಳುವುದು ಅಂದರೇನು? ಸಬ್‌ವೂಫರಿನ ಕೋನ್ ಮುಂದಕ್ಕೆ ಬಂದಾಗ ಗಾಳಿಯನ್ನು ತಳ್ಳುತ್ತದೆ, ಹಿಂದಕ್ಕೆ ಹೋದಾಗ ಎಳೆಯುತ್ತದೆ. 40 ಹರ್ಟ್ಜ್ ಅಂದರೆ ಸೆಕೆಂಡಿಗೆ 40 ಸಲ ಈ ಕೆಲಸ ನಡೆಯುತ್ತದೆ. ಒಂದು ಸಬ್ ತಳ್ಳುವ ಹೊತ್ತಿಗೆ ಇನ್ನೊಂದು ಎಳೆದರೆ, ನಿಮ್ಮ ಕಿವಿಗೆ ಬರುವಷ್ಟರಲ್ಲಿ ಎರಡೂ ಸೇರಿ ಸೊನ್ನೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ತಮಟೆ ಬಾರಿಸಿ 2023ರಲ್ಲಿ ಪದ್ಮಶ್ರೀ ಪಡೆದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರು ನಮ್ಮವರೇ. ತಮಟೆ ಮೇಳದಲ್ಲಿ ಎಲ್ಲರ ಪೆಟ್ಟೂ ಒಂದೇ ಗಳಿಗೆಗೆ ಬಿದ್ದರೆ ಎದೆಗೆ ತಾಗುತ್ತದೆ. ಒಬ್ಬರ ಪೆಟ್ಟು ಹಿಂದೆ ಬಿದ್ದರೂ ಬಿಗಿ ಹೋಗಿಬಿಡುತ್ತದೆ. ತಮಟೆ ದೊಡ್ಡದೋ ಚಿಕ್ಕದೋ ಅನ್ನುವುದು ಆಮೇಲಿನ ಮಾತು.

ಆದರೆ ಜನ ನನ್ನನ್ನು ಮೊದಲು ಕೇಳುವುದು "ಸಾರ್, ಎಷ್ಟು ವ್ಯಾಟ್ಸ್?" ಅಂತ. ದಯವಿಟ್ಟು ವ್ಯಾಟ್ಸ್ ಮಾತು ಬಿಡಿ. ಶಬ್ದ ಎಷ್ಟು ಜೋರು ಅನ್ನುವುದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ವ್ಯಾಟ್ಸ್ ಎರಡರಷ್ಟು ಮಾಡಿದರೆ ಏರುವುದು 3 ಡೆಸಿಬೆಲ್. ಒಂದೇ ಶಕ್ತಿಯ ಎರಡು ಸಬ್ ಒಟ್ಟಿಗೆ ತಳ್ಳಿದರೆ ಏರುವುದು 6 ಡೆಸಿಬೆಲ್. ಒಂದು ತಳ್ಳುವಾಗ ಇನ್ನೊಂದು ಎಳೆದರೆ ಒಂದೇ ಇದ್ದಾಗ ಬರುತ್ತಿದ್ದ ಬೇಸ್ ಕೂಡ ಬರುವುದಿಲ್ಲ. ಅಂದಮೇಲೆ ದುಡ್ಡು ಎಲ್ಲಿ ಉಳಿಯುತ್ತದೆ, ನೀವೇ ಹೇಳಿ.

ಶಿಡ್ಲಘಟ್ಟದ ಒಂದು ಮನೆಯ ವಿಷಯ ಹೇಳಲೇಬೇಕು. ರೇಷ್ಮೆ ನೂಲು ತೆಗೆಯುವ ಕುಟುಂಬ. ಕೆಳಗೆ ರೀಲಿಂಗ್, ಮೇಲೆ ಮನೆ. ಹಾಲ್ ಉದ್ದ 18 ಅಡಿ, ಅಗಲ 14. ಗ್ರಾನೈಟ್ ನೆಲ, ಸಿಮೆಂಟ್ ಗೋಡೆ, ಶಬ್ದ ಹೀರುವಂಥದ್ದು ಆ ಸೋಫಾ ಒಂದೇ. ಮೊದಲಿಂದ ಇದ್ದದ್ದು 8 ಇಂಚಿನ ಸಬ್, ಸುತ್ತಲೂ ಮುಚ್ಚಿದ ಡಬ್ಬ. ಮಗ ಹೊಸದಾಗಿ ತಂದದ್ದು 12 ಇಂಚಿಂದು, ಡಬ್ಬದಲ್ಲಿ ಗಾಳಿ ಬರುವ ತೂತು, ಅಂದರೆ ಪೋರ್ಟ್ ಇರುವಂಥದ್ದು. ಹೊಸದನ್ನು ಟಿವಿ ಪಕ್ಕದ ಮೂಲೆಯಲ್ಲಿ ಇಟ್ಟಿದ್ದರು. ಹಳೆಯದನ್ನು ಸೋಫಾ ಹಿಂದೆ ತಳ್ಳಿದ್ದರು. ಹಿಂದಿನಿಂದಲೂ ಬೇಸ್ ಬರಲಿ ಅನ್ನುವ ಆಸೆ.

ನಾನು ಹೋದಾಗ ಆ ಹುಡುಗನ ತಾಯಿಯೇ ಮೊದಲು ಮಾತಾಡಿದರು. "ಅಡುಗೆಮನೇಲಿ ಪಾತ್ರೆಯೆಲ್ಲ ಗಡಗಡ ಅಂತವೆ ಕಣಪ್ಪ, ಇಲ್ಲಿ ಸೋಫಾ ಮೇಲೆ ಕೂತ್ರೆ ಏನೂ ಇಲ್ಲ" ಅಂದರು. ಅಂಗಡಿಯಲ್ಲಿ ಕೇಳಿದರೆ ಇನ್ನೂ ದೊಡ್ಡ ಸಬ್ ತಗೊಳ್ಳಿ ಅಂದಿದ್ದರಂತೆ. ನೋಡಿ, ಆ ತಾಯಿ ಹೇಳಿದ ಒಂದೇ ಮಾತಿನಲ್ಲಿ ರೋಗ ಏನು ಅನ್ನುವುದು ಪೂರ್ತಿ ಇತ್ತು. ಶಕ್ತಿ ಸಾಲದೇ ಇದ್ದಿದ್ದರೆ ಅಡುಗೆಮನೆಯಲ್ಲೂ ಪಾತ್ರೆ ಅಲ್ಲಾಡುತ್ತಿರಲಿಲ್ಲ. ಶಕ್ತಿ ಬೇಕಾದಷ್ಟಿತ್ತು, ಸೋಫಾ ಹತ್ತಿರ ಬಂದು ಒಂದನ್ನೊಂದು ಅಳಿಸಿಹಾಕುತ್ತಿತ್ತು.

ಟೇಪ್ ಹಿಡಿದು ಅಳೆದೆ. ಮುಂದಿನ ಸಬ್‌ನಿಂದ ಸೋಫಾಗೆ 14 ಅಡಿ. ಹಿಂದಿನದರಿಂದ 2 ಅಡಿ. ವ್ಯತ್ಯಾಸ 12 ಅಡಿ. ಶಬ್ದ 12 ಅಡಿ ದಾಟಲು ಹತ್ತಿರ ಹತ್ತಿರ 11 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. 45 ಹರ್ಟ್ಜ್ ಸ್ವರದ ಒಂದು ಪೂರ್ತಿ ಸುತ್ತಿಗೆ, ಒಂದು ಸಲ ತಳ್ಳಿ ಒಂದು ಸಲ ಎಳೆಯಲು, 22 ಮಿಲಿಸೆಕೆಂಡ್. ಅದರ ಅರ್ಧ ಎಷ್ಟು? 11. ಅಂದರೆ ಮುಂದಿನದರ ತಳ್ಳು ಸೋಫಾಗೆ ಬಂದು ಮುಟ್ಟುವ ಹೊತ್ತಿಗೆ ಹಿಂದಿನದು ಸರಿಯಾಗಿ ಎಳೆಯುತ್ತಿತ್ತು. ಸಿನಿಮಾದ ಬೇಸ್ ಜಾಸ್ತಿ ಇರುವುದೇ ಆ ಆಸುಪಾಸಿನಲ್ಲಿ.

ಫೋನಿನಲ್ಲಿ 45 ಹರ್ಟ್ಜ್ ಟೋನ್ ಹಾಕಿಸಿದೆ. ತಾಯಿಯನ್ನು ಸೋಫಾದಲ್ಲಿ ಕೂರಿಸಿದೆ. ಹಳೆಯ ಸಬ್‌ನ ಹಿಂದೆ ಫೇಸ್ ಸ್ವಿಚ್ ಇರುತ್ತದೆ, ಅದು ತಳ್ಳುವುದನ್ನು ಎಳೆಯುವುದಾಗಿ, ಎಳೆಯುವುದನ್ನು ತಳ್ಳುವುದಾಗಿ ಬದಲಿಸುತ್ತದೆ. ಮಗನಿಗೆ ಅದನ್ನು ಸೊನ್ನೆಯಿಂದ 180ಕ್ಕೆ ತಳ್ಳು ಅಂದೆ. ಟಕ್ ಅಂತ ತಳ್ಳಿದ. "ಅಯ್ಯೋ, ಈಗ ಬಂತು ನೋಡು!" ಅಂದರು ತಾಯಿ. ಪೈಸೆ ಖರ್ಚಿಲ್ಲ. ನನಗೆ ಈ ಕೆಲಸದಲ್ಲಿ ಅತ್ಯಂತ ಖುಷಿ ಕೊಡುವ ಗಳಿಗೆ ಅದೇ.

ಅಲ್ಲಿಗೇ ನಿಲ್ಲಿಸಲಿಲ್ಲ. ಸ್ವಿಚ್ ತಿರುಗಿಸಿದ್ದರಿಂದ 45ರ ಆಸುಪಾಸು ಸರಿಹೋಯಿತು, ಬೇರೆ ಸ್ವರಗಳು ಇನ್ನೂ ಸಪ್ಪೆಯಾಗಿದ್ದವು. ಎಲ್ಲ ಸ್ಪೀಕರ್‌ಗಳಿಗೂ ಶಬ್ದ ಹಂಚಿ ಕಳಿಸುವ ಪೆಟ್ಟಿಗೆಗೆ ರಿಸೀವರ್ ಅನ್ನುತ್ತಾರೆ. ಅವರ ರಿಸೀವರ್‌ನಲ್ಲಿ ಸಬ್‌ಗೆ ವೈರ್ ಕೊಡುವ ಜಾಗ, ಅಂದರೆ ಸಬ್ ಔಟ್, ಒಂದೇ. ಅದಕ್ಕೆ ಒಂದನ್ನು ಎರಡಾಗಿ ಕವಲೊಡೆಸುವ ವೈ ಕೇಬಲ್ ಹಾಕಿ ಎರಡಕ್ಕೂ ಕೊಟ್ಟಿದ್ದರು. ಹಾಗಾಗಿ ರಿಸೀವರ್‌ನಲ್ಲಿ ಒಂದೊಂದಕ್ಕೆ ಬೇರೆ ಬೇರೆ ದೂರ ಹಾಕಿ ಹೊತ್ತು ಹೊಂದಿಸಲು ಬರುವುದಿಲ್ಲ. ಹಳೆಯ ಡಬ್ಬವನ್ನೇ ಎತ್ತಿಕೊಂಡು ಬಂದು ಟಿವಿಯ ಇನ್ನೊಂದು ಪಕ್ಕ ಇಟ್ಟೆವು. ಸೋಫಾದಿಂದ ಎರಡಕ್ಕೂ ಒಂದೇ ದೂರ ಬರುವ ಹಾಗೆ ಟೇಪ್ ಹಿಡಿದೇ ಇಟ್ಟೆವು. ಸ್ವಿಚ್ಚನ್ನು ಮತ್ತೆ ಎರಡೂ ಕಡೆ ತಿರುಗಿಸಿ ಕೇಳಿದೆವು. ಈ ಸಲ ಸೊನ್ನೆಯಲ್ಲಿ ಜೋರಾಗಿ ಬಂತು.

ಇನ್ನೊಂದು ಕಳ್ಳ ಅಲ್ಲೇ ಇದ್ದ. ಸಬ್ ಹಿಂದೆ ಕ್ರಾಸ್‌ಓವರ್ ಅಂತ ಒಂದು ನಾಬ್ ಇರುತ್ತದೆ, ಎಷ್ಟು ಹರ್ಟ್ಜ್‌ಗಿಂತ ಮೇಲಿನ ಸ್ವರಗಳನ್ನು ಕತ್ತರಿಸಬೇಕು ಅಂತ ಹೇಳಲು. ಹಳೆಯದರಲ್ಲಿ ಅದು 60ರಲ್ಲಿತ್ತು, ಹೊಸದರಲ್ಲಿ 120ರಲ್ಲಿ. ರಿಸೀವರ್ ಆಗಲೇ 80ರಲ್ಲಿ ಕತ್ತರಿಸಿ ಕಳಿಸುತ್ತಿದೆ. ಅದರ ಮೇಲೆ ಈ ನಾಬ್ ಇನ್ನೊಮ್ಮೆ ಕತ್ತರಿಸುತ್ತದೆ, ಹಾಗೆ ಕತ್ತರಿಸುವಾಗ ಶಬ್ದವನ್ನು ತಡ ಮಾಡುತ್ತದೆ. ಎರಡರಲ್ಲಿ ಎರಡು ತರ ಇದ್ದರೆ ಎರಡು ತರ ತಡ. ಮತ್ತೆ ಅದೇ ಕಥೆ, ಒಟ್ಟಿಗೆ ತಳ್ಳುವುದಿಲ್ಲ. ಎರಡೂ ನಾಬ್‌ಗಳನ್ನು ಅತಿ ಹೆಚ್ಚಿನ ಅಂಕಿಗೆ ತಿರುಗಿಸಿಬಿಡಿ. ಆ ಕೆಲಸ ರಿಸೀವರ್ ನೋಡಿಕೊಳ್ಳುತ್ತದೆ.

ನನಗೆ ಕೊಟ್ಟ ಸಮಯದಲ್ಲಿ ಈ ಒಂದು ಮನೆಗೇ ಜಾಸ್ತಿ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಮುಚ್ಚಿದ ಡಬ್ಬ, ಪೋರ್ಟ್ ಇರುವ ಡಬ್ಬ ಬೆರೆಸಿದಾಗ ತೀರಾ ಕೆಳಗಿನ ಸ್ವರಗಳಲ್ಲಿ ಜಗಳ ಬರುತ್ತದೆ. ಅಲ್ಲಿ ಪೋರ್ಟ್‌ನಿಂದ ಬರುವ ಶಬ್ದ ತಡವಾಗಿ ಬರುತ್ತದೆ. ಅದಕ್ಕೇ 25, 30 ಹರ್ಟ್ಜ್ ಕೆಲಸವನ್ನು ದೊಡ್ಡದಕ್ಕೇ ಬಿಡಿ. ಚಿಕ್ಕದರ ವಾಲ್ಯೂಮ್ ಇಳಿಸಿ. ಚಿಕ್ಕದು ಬರ್ ಬರ್ ಅನ್ನತೊಡಗಿದರೆ ಅದಕ್ಕೆ ಆಗದ ಕೆಲಸ ಹೇಳುತ್ತಿದ್ದೀರಿ ಅಂತಲೇ ಅರ್ಥ.

ಸೋಫಾ ಕೋಣೆಯ ನಡುಮಧ್ಯೆ ಬೇಡ. 18 ಅಡಿ ಉದ್ದದ ಹಾಲ್‌ನಲ್ಲಿ 31 ಹರ್ಟ್ಜ್ ಆಸುಪಾಸಿನ ಶಬ್ದ ಎರಡು ಗೋಡೆಗಳ ಹತ್ತಿರ ಗುಡುಗುತ್ತದೆ, ಸರಿಯಾಗಿ ಮಧ್ಯದಲ್ಲಿ ಸತ್ತುಹೋಗುತ್ತದೆ. ಒಂದೆರಡು ಅಡಿ ಹಿಂದೆ ಸರಿಸಿ ಸಾಕು.

ಎರಡೂ ಒಂದೇ ಮಾದರಿಯ ಸಬ್ ಇದ್ದವರು ಎದುರುಬದುರು ಗೋಡೆಗಳ ಮಧ್ಯಕ್ಕೆ ಒಂದೊಂದು ಇಟ್ಟು ನೋಡಿ. ಹಾಗಿಟ್ಟರೆ ಬೇಸ್ ಸಮನಾಗಿ ಬರುತ್ತದೆ ಅಂತ ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಬೇರೆ ಬೇರೆ ಸಬ್ ಇದ್ದವರಿಗೆ ನಾನು ಹೇಳುವುದು ಸೋಫಾದಿಂದ ಸಮ ದೂರ.

ಇವತ್ತೇ ಮಾಡಬೇಕಾದ್ದು ಇಷ್ಟು. ದೊಡ್ಡ ಸಬ್ ಒಂದನ್ನೇ ಮೊದಲು ಹಾಕಿ, ಅದಕ್ಕೆ ಒಳ್ಳೆಯ ಜಾಗ ಹುಡುಕಿ. ಆಮೇಲೆ ಚಿಕ್ಕದನ್ನು ಸೇರಿಸಿ. ಒಬ್ಬರು ಸೋಫಾದಲ್ಲಿ ಕೂರಿ, ಇನ್ನೊಬ್ಬರು ಚಿಕ್ಕದರ ಸ್ವಿಚ್ ತಿರುಗಿಸಲಿ. ಕೂತವರಿಗೆ ಯಾವ ಕಡೆ ಜೋರಾಗಿ ಕೇಳುತ್ತದೋ ಅದೇ ಸರಿ. ಡಬ್ಬದ ಹತ್ತಿರ ಬಗ್ಗಿ ಕಿವಿ ಕೊಡಬೇಡಿ, ಅಲ್ಲಿ ಎಲ್ಲವೂ ಜೋರೇ. 40, 50, 60, 80, ಈ ನಾಲ್ಕು ಟೋನ್ ಹಾಕಿ. ಅಳೆದೇ ನೋಡಬೇಕು ಅನ್ನುವವರಿಗೆ ರೂಮ್ ಈಕ್ಯೂ ವಿಜರ್ಡ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಯುಎಸ್‌ಬಿ ಮೈಕ್ ಒಂದು ಬೇಕು. ಸೋಫಾ ಜಾಗ ಬದಲಾಯಿಸಿದರೆ ಸ್ವಿಚ್ಚನ್ನು ಮತ್ತೆ ತಿರುಗಿಸಿ ಕೇಳಿ. ಎರಡೂ ಒಟ್ಟಿಗೆ ತಳ್ಳುತ್ತಿವೆ ಅಂತ ಖಾತ್ರಿಯಾಗುವವರೆಗೆ ಮೂರನೆಯ ಸಬ್ ತರಲು ಅಂಗಡಿಗೆ ಹೋಗಬೇಡಿ. ನಮಸ್ಕಾರ.