ಏಪ್ರಿಲ್ 5ರ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಮೂವತ್ತೊಂದು ವರ್ಷ ನಾನು ಬ್ಯಾಂಕಿನ ಕೌಂಟರಿನ ಒಳಗಡೆ ಕೂತವನು. ಮಾರ್ಚ್ ಕೊನೆಯ ವಾರ ಬಂತೆಂದರೆ ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಇಳಿಯುತ್ತಿತ್ತು. ಮೇಷ್ಟ್ರುಗಳು, ಗುಮಾಸ್ತರು, ಫ್ಯಾಕ್ಟರಿಯವರು. ಎಲ್ಲರದ್ದೂ ಒಂದೇ ಮಾತು. "ಸಾರ್, ಟ್ಯಾಕ್ಸ್ ಉಳಿಸ್ಬೇಕು, ಎಲ್ಲಿ ಹಾಕ್ಲಿ?" ಹಾಕಿದ ದುಡ್ಡು ರಿಟೈರ್ ಆದ ಮೇಲೆ ಹೇಗೆ ಕೈಗೆ ಬರುತ್ತದೆ ಎಂದು ಕೇಳಿದವರು ಅಪರೂಪ.

ಅವರನ್ನು ಸುಮ್ನೆ ಯಾಕೆ ಅನ್ನಲಿ, ನಾನೂ ಹಾಗೇ ಮಾಡಿದ್ದೆ. ಒಂದು ಮಾರ್ಚ್ 28ರಂದು, ಪರಿಚಯದ ಏಜೆಂಟರೊಬ್ಬರು ಹೇಳಿದರೆಂದು ಇಪ್ಪತ್ತು ವರ್ಷದ ವಿಮೆ ಪಾಲಿಸಿಗೆ ರುಜು ಹಾಕಿದೆ. ಆ ವರ್ಷ ಒಂದಿಷ್ಟು ತೆರಿಗೆ ಉಳಿಯಿತು. ಪಾಲಿಸಿ ಮುಗಿದ ದಿನ ಲೆಕ್ಕ ಹಾಕಿದರೆ ವರ್ಷಕ್ಕೆ 5 ಪರ್ಸೆಂಟ್ ಬಡ್ಡಿಯೂ ಬಿದ್ದಿರಲಿಲ್ಲ. "ಬ್ಯಾಂಕಲ್ಲಿ ಕೆಲಸ ಮಾಡೋರು ನೀವು" ಎಂದು ನಮ್ಮ ಮನೆಯವರು ಈಗಲೂ ಚುಚ್ಚುತ್ತಾರೆ.

ನಮ್ಮ ಉಳಿತಾಯಕ್ಕೆ ತೆರಿಗೆ ಮೂರು ಕಡೆ ಎದುರಾಗಬಹುದು. ಹಾಕುವಾಗ, ಬೆಳೆಯುವಾಗ, ತೆಗೆಯುವಾಗ. ನಾವು ನೋಡುವುದು ಮೊದಲನೆಯದನ್ನು ಮಾತ್ರ. ಈಗ ಆ ಮೊದಲನೆಯದೇ ಬದಲಾಗಿಬಿಟ್ಟಿದೆ. 2020ರ ಬಜೆಟ್ಟಿನಲ್ಲಿ ಹೊಸ ತೆರಿಗೆ ಪದ್ಧತಿ ಬಂತು. 2023ರ ಏಪ್ರಿಲ್‌ನಿಂದ, ಹಳೆಯದೇ ಬೇಕು ಎಂದು ನಾವಾಗಿ ಹೇಳದಿದ್ದರೆ ಹೊಸದೇ ಅನ್ವಯ. 2025ರ ಬಜೆಟ್ ಆದ ಮೇಲಂತೂ ಅದರಲ್ಲಿ 12 ಲಕ್ಷ ರೂಪಾಯಿವರೆಗಿನ ಸಂಬಳಕ್ಕೆ ತೆರಿಗೆಯೇ ಇಲ್ಲ. ಸಂಬಳದವರಿಗೆಲ್ಲ ಸುಮ್ನೆ ಕಳೆದುಕೊಡುವ ಸ್ಟ್ಯಾಂಡರ್ಡ್ ಡಿಡಕ್ಷನ್ 75 ಸಾವಿರ ಸೇರಿದರೆ 12 ಲಕ್ಷ 75 ಸಾವಿರ. ಆದರೆ ನಾವೆಲ್ಲ 80ಸಿ ಎಂದು ಕರೆಯುತ್ತಾ ಬಂದಿದ್ದೇವಲ್ಲ, ಉಳಿತಾಯಕ್ಕೆ ಹಾಕಿದ ಹಣವನ್ನು ಒಂದೂವರೆ ಲಕ್ಷದವರೆಗೆ ಆದಾಯದಿಂದ ಕಳೆಯುವ ಆ ಕಡಿತ ಅಲ್ಲಿ ಸಿಗುವುದಿಲ್ಲ.

"ಹಾಗಾದ್ರೆ ಪಿಪಿಎಫ್‌ಗೆ ಇನ್ನು ಯಾಕೆ ಹಾಕ್ಬೇಕು ಅಂಕಲ್?" ಎಂದು ನಮ್ಮ ಬೀದಿಯ ಹುಡುಗರು ಕೇಳುತ್ತಾರೆ. ಪಿಪಿಎಫ್ ಅಂದರೆ ಪಬ್ಲಿಕ್ ಪ್ರಾವಿಡೆಂಟ್ ಫಂಡ್, ಹದಿನೈದು ವರ್ಷದ ಸರ್ಕಾರಿ ಉಳಿತಾಯ ಖಾತೆ. ಹಾಕಿ ಎನ್ನುತ್ತೇನೆ ನಾನು. ಹಾಕುವಾಗಿನ ಅನುಕೂಲ ಹೋಯಿತು, ನಿಜ. ಉಳಿದ ಎರಡು ಹಾಗೇ ಇವೆ. ಪಿಪಿಎಫ್ ಬಡ್ಡಿಗೆ ತೆರಿಗೆ ಇಲ್ಲ, ಕೊನೆಗೆ ತೆಗೆಯುವ ಹಣಕ್ಕೂ ಇಲ್ಲ, ಹೊಸ ಪದ್ಧತಿಯಲ್ಲೂ ಇಲ್ಲ. 30 ಪರ್ಸೆಂಟ್ ತೆರಿಗೆ ಕಟ್ಟುವವರಿಗೆ ಎಫ್‌ಡಿಯಲ್ಲಿ 7 ಪರ್ಸೆಂಟ್ ಬಂದರೂ ಕೈಗೆ ಉಳಿಯುವುದು 5ಕ್ಕಿಂತ ಕಮ್ಮಿ. ಪಿಪಿಎಫ್‌ನಲ್ಲಿ ಬಂದಷ್ಟೂ ನಿಮ್ಮದೇ.

1968ರಿಂದ ಇರುವ ಯೋಜನೆ ಇದು. ವರ್ಷಕ್ಕೆ ಕನಿಷ್ಠ 500, ಗರಿಷ್ಠ ಒಂದೂವರೆ ಲಕ್ಷ. ಸರ್ಕಾರ ಮೂರು ತಿಂಗಳಿಗೊಮ್ಮೆ ಬಡ್ಡಿ ದರ ನೋಡುತ್ತದೆ. 2020ರ ಏಪ್ರಿಲ್‌ನಲ್ಲಿ 7.1ಕ್ಕೆ ಇಳಿದದ್ದು ವರ್ಷಗಟ್ಟಲೆ ಅಲ್ಲೇ ಕೂತುಬಿಟ್ಟಿತು.

ಈಗ ನನ್ನ ಇಷ್ಟದ ವಿಷಯಕ್ಕೆ ಬರುತ್ತೇನೆ. ಪಿಪಿಎಫ್‌ನಲ್ಲಿ ಪ್ರತಿ ತಿಂಗಳ ಬಡ್ಡಿ ಲೆಕ್ಕ ಹಾಕುವುದು 5ನೇ ತಾರೀಖು ಮುಗಿದಾಗಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಇದ್ದ ಅತಿ ಕಡಿಮೆ ಮೊತ್ತಕ್ಕೆ. 6ನೇ ತಾರೀಖು ಹಾಕಿದ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ. ಒಂದೂವರೆ ಲಕ್ಷವನ್ನು ಏಪ್ರಿಲ್ 5ರೊಳಗೆ ಹಾಕಿದರೆ ಇಡೀ ವರ್ಷಕ್ಕೆ ಬಡ್ಡಿ, 7.1ರಂತೆ 10,650 ರೂಪಾಯಿ. ಅದೇ ಹಣ ಮಾರ್ಚ್ ಕೊನೆಗೆ ಹಾಕಿದರೆ ಆ ವರ್ಷಕ್ಕೆ ಸೊನ್ನೆ. ಹದಿನೈದು ವರ್ಷ ಹೀಗೇ ನಡೆದರೆ? ಏಪ್ರಿಲ್‌ನವರ ಕೈಗೆ 40 ಲಕ್ಷ 68 ಸಾವಿರ, ಮಾರ್ಚ್‌ನವರ ಕೈಗೆ ಸುಮಾರು 38 ಲಕ್ಷ. ಇಬ್ಬರೂ ಕಟ್ಟಿದ್ದು ಇಪ್ಪತ್ತೆರಡೂವರೆ ಲಕ್ಷವೇ. ನಮ್ಮ ಕೌಂಟರಿನ ಮುಂದೆ ಸಾಲು ನಿಂತವರೆಲ್ಲ ಕಳೆದುಕೊಂಡದ್ದು ಇದನ್ನೇ. ಅಷ್ಟು ಹಣ ಒಟ್ಟಿಗೆ ಇಲ್ಲದವರು ಪ್ರತಿ ತಿಂಗಳು ಸಂಬಳ ಬಂದ ಕೂಡಲೇ, 5ರೊಳಗೆ, ಕೈಲಾದಷ್ಟು ಹಾಕಲಿ.

ಎನ್‌ಪಿಎಸ್ ಬಗ್ಗೆ ಎರಡು ಮಾತು. ದುಡಿಯುವಾಗ ಹಣ ಹಾಕುತ್ತಾ ಹೋಗಿ ರಿಟೈರ್ ಆದ ಮೇಲೆ ಪಿಂಚಣಿ ಪಡೆಯುವ ರಾಷ್ಟ್ರೀಯ ಪಿಂಚಣಿ ಯೋಜನೆ ಇದು. ನಮ್ಮ ರಾಜ್ಯ ಸರ್ಕಾರಿ ನೌಕರಿಗೆ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಇದು ಗೊತ್ತೇ ಇದೆ, ಹಳೆ ಪಿಂಚಣಿ ತಪ್ಪಿದ ಸಿಟ್ಟಿನ ವಿಚಾರ ಇವತ್ತು ಬೇಡ. 2009ರ ಮೇ 1ರಿಂದ ಇದು ಎಲ್ಲರಿಗೂ ಉಂಟು. ಖಾಸಗಿ ಕಂಪನಿಯಲ್ಲಿರುವವರು ಒಂದು ಪ್ರಶ್ನೆ ಕೇಳಲಿ: ಸಂಬಳದ ಒಂದು ಪಾಲನ್ನು ಕಂಪನಿಯೇ ನನ್ನ ಎನ್‌ಪಿಎಸ್‌ಗೆ ಹಾಕುತ್ತದಾ? ಹಾಗೆ ಹಾಕಿದರೆ ಬೇಸಿಕ್ ಮತ್ತು ಡಿಎಯ ಶೇಕಡಾ 14ರವರೆಗೆ ಹೊಸ ಪದ್ಧತಿಯಲ್ಲೂ ತೆರಿಗೆ ಕಡಿತ ಸಿಗುತ್ತದೆ. ಬಹಳ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಕೊನೆಯಲ್ಲಿ ಒಟ್ಟು ಮೊತ್ತದ ಶೇಕಡಾ 60ರವರೆಗೆ ಒಂದೇ ಸಲಕ್ಕೆ ತೆಗೆದರೂ ತೆರಿಗೆ ಇಲ್ಲ. ಆದರೆ ಒಂದು ಪಾಲಿಗೆ ಪಿಂಚಣಿ ಕೊಳ್ಳಲೇಬೇಕು, ತಿಂಗಳು ತಿಂಗಳು ಬರುವ ಆ ಪಿಂಚಣಿ ನಿಮ್ಮ ಆದಾಯಕ್ಕೆ ಸೇರುತ್ತದೆ. ತೆಗೆಯುವ ಕಡೆ ತೆರಿಗೆ ಇರುವುದು ಇಲ್ಲಿ. ಅರವತ್ತಾದ ಮೇಲೆ ಅಂಚೆ ಕಚೇರಿಯಲ್ಲಿ 30 ಲಕ್ಷದವರೆಗೆ ಹಾಕಬಹುದಾದ ಹಿರಿಯ ನಾಗರಿಕರ ಯೋಜನೆಯೂ ಹೀಗೇ. ಬಡ್ಡಿ ಚೆನ್ನಾಗಿದೆ, ಮೂರು ತಿಂಗಳಿಗೊಮ್ಮೆ ಬರುತ್ತದೆ, ಆದರೆ ತೆರಿಗೆಗೆ ಒಳಪಟ್ಟದ್ದು.

ಮುಗಿಸುವ ಮೊದಲು ಒಬ್ಬರು ಹೆಡ್‌ಮಾಸ್ಟರ್ ನೆನಪಾಗುತ್ತಾರೆ. ಅಚ್ಚುಕಟ್ಟಿನ ಮನುಷ್ಯ, ಪ್ರತಿ ಏಪ್ರಿಲ್ 2ಕ್ಕೋ 3ಕ್ಕೋ ಬಂದು ಚಲನ್ ಬರೆಯುವವರು. ಅವರ ಖಾತೆಗೆ ಹದಿನೈದು ವರ್ಷ ತುಂಬಿತು. ಆಮೇಲೂ ಅಭ್ಯಾಸದಂತೆ ಹಣ ಹಾಕುತ್ತಲೇ ಹೋದರು, ಮುಂದುವರಿಸುವ ಅರ್ಜಿ ಕೊಡಲಿಲ್ಲ. ಮುಗಿದ ಒಂದು ವರ್ಷದೊಳಗೆ ಆ ಅರ್ಜಿ ಕೊಟ್ಟರೆ ಇನ್ನೂ ಐದು ವರ್ಷ ಹಣ ಹಾಕಬಹುದು, ಮತ್ತೆ ಐದು, ಹೀಗೆ. ಕೊಡದೆ ಹಾಕಿದ ಹಣಕ್ಕೆ ಬಡ್ಡಿ ಇಲ್ಲ. ನಾಲ್ಕು ವರ್ಷ ಹಾಕಿದ್ದರು. ಅದನ್ನು ಅವರಿಗೆ ಹೇಳಬೇಕಾದ ದಿನ ಕೌಂಟರಿನಲ್ಲಿ ನಾನೇ ಇದ್ದೆ. ಅವರು ಕನ್ನಡಕ ತೆಗೆದು ಒರೆಸಿ, ಪಾಸ್‌ಬುಕ್ಕನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು.

ನಿಮ್ಮ ಖಾತೆ ಯಾವಾಗ ಮುಗಿಯುತ್ತದೆ, ಇವತ್ತೇ ನೋಡಿಕೊಳ್ಳಿ. ಅದರ ಲೆಕ್ಕ ತೆರೆದ ದಿನದಿಂದ ಅಲ್ಲ, ತೆರೆದ ಆರ್ಥಿಕ ವರ್ಷದ ಕೊನೆಯಿಂದ. 2012ರ ಆಗಸ್ಟ್‌ನಲ್ಲಿ ತೆರೆದಿದ್ದರೆ ಹದಿನೈದು ತುಂಬುವುದು 2028ರ ಮಾರ್ಚ್ 31ಕ್ಕೆ.

ನಮಸ್ಕಾರ.