ಹಂಬಕರ್ ಪಿಕಪ್ ಮತ್ತು ಗಿಟಾರಿನ ದನಿ

ಕೇಳುಗರಿಗೆ ನಮಸ್ಕಾರ. ಎಲೆಕ್ಟ್ರಿಕ್ ಗಿಟಾರಿನ ವಿಷಯ ಬಂದಾಗ ಅದನ್ನು ಯಾವ ಮರದಿಂದ ಮಾಡಿದ್ದಾರೆ ಎಂಬ ಚರ್ಚೆಯೇ ಹೆಚ್ಚು. ಆದರೆ ಆ ವಾದ್ಯದ ದನಿಯನ್ನು ಮರಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ತಂತಿಗಳ ಕೆಳಗೆ ಕುಳಿತಿರುವ ಪಿಕಪ್ ಎಂಬುದು ನನ್ನ ಅಭಿಪ್ರಾಯ.

ಪಿಕಪ್‌ನಲ್ಲಿ ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಏರುಪೇರಾಗಿ ಸುರುಳಿಯಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ತೊಂದರೆಯೆಂದರೆ, ಸುತ್ತಲಿನ ಟ್ರಾನ್ಸ್‌ಫಾರ್ಮರುಗಳೂ ಟ್ಯೂಬ್‌ಲೈಟಿನ ಚೋಕುಗಳೂ ಹೊಮ್ಮಿಸುವ ಕಾಂತಕ್ಷೇತ್ರಕ್ಕೂ ಆ ಸುರುಳಿ ಸ್ಪಂದಿಸುವುದರಿಂದ, ವಿದ್ಯುತ್ ಸರಬರಾಜಿನ ಗುಂಯ್ ಸದ್ದು ಸಂಗೀತದ ಜೊತೆಗೇ ಸ್ಪೀಕರಿಗೆ ಬಂದುಬಿಡುತ್ತದೆ. ಈ ಸರಬರಾಜು ಅಮೆರಿಕದಲ್ಲಿ 60 ಹರ್ಟ್ಸ್, ನಮ್ಮಲ್ಲಿ 50.

ಅಮೆರಿಕದ ಕಲಮಜೂ ಪಟ್ಟಣದಲ್ಲಿದ್ದ ಗಿಬ್ಸನ್ ಕಾರ್ಖಾನೆಯ ಎಂಜಿನಿಯರ್ ಸೆತ್ ಲವರ್ 1955ರಲ್ಲಿ ಇದಕ್ಕೊಂದು ಉಪಾಯ ಹೂಡಿದರು. ಎರಡು ಸುರುಳಿಗಳನ್ನು ಅಕ್ಕಪಕ್ಕ ಇಟ್ಟು, ಒಂದರ ಕಡೆಗೆ ಅಯಸ್ಕಾಂತದ ಉತ್ತರ ಧ್ರುವವನ್ನೂ ಇನ್ನೊಂದರ ಕಡೆಗೆ ದಕ್ಷಿಣ ಧ್ರುವವನ್ನೂ ತಿರುಗಿಸಿ, ಸುರುಳಿಗಳನ್ನು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಜೋಡಿಸಿದರು. ಹೊರಗಿನ ಸದ್ದು ಎರಡರಲ್ಲೂ ಎದುರುಬದುರಾಗಿ ಹುಟ್ಟಿ ರದ್ದಾಗುತ್ತದೆ. ಗಿಟಾರ್ ತಂತಿಯ ಸಂಕೇತಕ್ಕೆ ಮಾತ್ರ ಧ್ರುವವೂ ದಿಕ್ಕೂ ಎರಡೂ ತಿರುಗುಮುರುಗಾಗಿರುವುದರಿಂದ ಅದು ಕೂಡಿಕೊಳ್ಳುತ್ತದೆ. ಗುಂಯ್ ಸದ್ದನ್ನು ಅಡಗಿಸುವ ಈ ಜೋಡಿ ಸುರುಳಿಯ ಪಿಕಪ್ಪೇ ಹಂಬಕರ್. 1957ರಲ್ಲಿ ಅದು ಗಿಬ್ಸನ್‌ನ ಲೆಸ್ ಪಾಲ್ ಗಿಟಾರನ್ನು ಸೇರಿತು.

ಲವರ್ ಅವರ ಗುರಿ ಸದ್ದನ್ನು ಅಡಗಿಸುವುದಾಗಿತ್ತು. ಆದರೆ ಅದರೊಂದಿಗೆ ದನಿಯೂ ಬದಲಾಯಿತು. ಎರಡು ಸುರುಳಿಗಳನ್ನು ಸರಣಿಯಲ್ಲಿ ಜೋಡಿಸಿದಾಗ ಪ್ರೇರಕತೆ, ಅಂದರೆ ವಿದ್ಯುತ್ ಹರಿವಿನ ಏರಿಳಿತವನ್ನು ತಡೆಯುವ ಗುಣ, ಹೆಚ್ಚುತ್ತದೆ. ಪಿಕಪ್‌ಗೂ ಕೇಬಲ್ಲಿಗೂ ಸೇರಿ ಉಂಟಾಗುವ ಅನುರಣನದ ಶಿಖರ, ಅಂದರೆ ಸಂಕೇತ ಅತಿ ಹೆಚ್ಚು ಬಲಗೊಳ್ಳುವ ಆವರ್ತನ, ಕೆಳಗಿಳಿದು, ಅದಕ್ಕಿಂತ ಮೇಲಿನ ಸ್ವರಾಂಶಗಳು ಸೊರಗುತ್ತವೆ. ಒಂಟಿ ಸುರುಳಿಯ ಪಿಕಪ್ ಇರುವ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನಲ್ಲಿ ಗಾಜಿನಂತೆ ಮಿನುಗುವ ದನಿ ಇಲ್ಲಿ ದಪ್ಪಗಾಗಿ, ಮಧ್ಯಭಾಗ ಮೈದುಂಬಿಕೊಳ್ಳುವುದಕ್ಕೆ ಮುಖ್ಯ ಕಾರಣ ಇದೇ. ಇದರ ಮೇಲೆ, ಸುಮಾರು 18 ಮಿಲಿಮೀಟರ್ ಅಂತರದ ಎರಡು ಜಾಗಗಳಲ್ಲಿ ಪಿಕಪ್ ಒಂದೇ ತಂತಿಯನ್ನು ಆಲಿಸುತ್ತದೆ. ಮೂಲ ಸ್ವರದ ಜೊತೆ ಮೂಡುವ ಹಾರ್ಮೋನಿಕ್ ಎಂಬ ಸ್ವರಾಂಶಗಳ ಪೈಕಿ ತೀರ ಮೇಲಿನ ಕೆಲವುಗಳಲ್ಲಿ ತಂತಿ ಒಂದು ಸುರುಳಿಯ ಮೇಲೆ ಏರುತ್ತಿರುವಾಗಲೇ ಇನ್ನೊಂದರ ಮೇಲೆ ಇಳಿಯುತ್ತಿರುತ್ತದೆ. ಆ ಅಂಶಗಳು ತಮ್ಮತಮ್ಮಲ್ಲೇ ಕಳೆದುಹೋಗುತ್ತವೆ. ಈ ಎರಡನೆಯ ಕಾರಣಕ್ಕೆ ಕೆಲವರು ಕೊಡುವಷ್ಟು ಮಹತ್ವವನ್ನು ನಾನು ಕೊಡಲಾರೆ. ಇನ್ನು, ಸಂಕೇತದ ಬಲ ಹೆಚ್ಚಾದ್ದರಿಂದ ವಾಲ್ವ್ (ನಿರ್ವಾತ ಕೊಳವೆ) ಬಳಸುವ ಆಂಪ್ಲಿಫೈಯರ್ ಬೇಗನೆ ತನ್ನ ಮಿತಿ ಮುಟ್ಟಿ, ಸ್ವರ ಒಡೆದು ಗೊರಗುಡುತ್ತದೆ. ರಾಕ್ ಸಂಗೀತಗಾರರು ಇದನ್ನೇ ಬಯಸಿ ಬಂದರು.

ಆ ಕಾಲದಲ್ಲಿ ಸುತ್ತುವ ಕೆಲಸ ಅಷ್ಟು ಕರಾರುವಾಕ್ಕಾಗಿರಲಿಲ್ಲ. ಒಂದು ಸುರುಳಿಗೆ ಕೆಲವು ಸುತ್ತು ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಿದ್ದ ಪಿಕಪ್‌ಗಳಲ್ಲಿ ಗುಂಯ್ ಸದ್ದು ಪೂರ್ತಿ ಅಳಿಯದಿದ್ದರೂ ದನಿಗೆ ತುಸು ಹೊಳಪು ಉಳಿದುಕೊಂಡಿತು. ಇಂದಿನ ತಯಾರಕರು ಬೇಕೆಂದೇ ಆ ಅಸಮತೆಯನ್ನು ನಕಲು ಮಾಡುತ್ತಾರೆ.

ಹೊಳಪು ಇನ್ನೂ ಬೇಕೆನ್ನುವವರು ಸ್ವಿಚ್ ಹಾಕಿಸಿ ಒಂದು ಸುರುಳಿಯ ಸಂಪರ್ಕವನ್ನು ತಪ್ಪಿಸುವುದುಂಟು. ಆಗ ಗುಂಯ್ ಸದ್ದು ಮರಳುತ್ತದೆ, ದನಿಯ ಬಲವೂ ಕುಗ್ಗುತ್ತದೆ. ಅದರ ಬದಲು ಎರಡನ್ನೂ ಸಮಾಂತರವಾಗಿ ಜೋಡಿಸಿದರೆ ಬಲ ಕುಗ್ಗಿದರೂ ದನಿ ತಿಳಿಯಾಗುತ್ತದೆ, ಸದ್ದೂ ಅಡಗಿಯೇ ಇರುತ್ತದೆ.