ಊರ ಅಳಿಯ ಬರಲಿಲ್ಲ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಟೆನೆಸೀ ರಾಜ್ಯದ ಪೂರ್ವ ತುದಿಯಲ್ಲಿ ನಾಕ್ಸ್‌ವಿಲ್ ಅಂತ ಒಂದು ಊರಿದೆ. ಅಲ್ಲಿ ಓದುತ್ತಿದ್ದ ಕಾಲದಲ್ಲಿ ತಿಂಗಳಿಗೊಮ್ಮೆ ಒಂದು ಪುಟ್ಟ ಕ್ಷೌರದಂಗಡಿಗೆ ಹೋಗುತ್ತಿದ್ದೆ. ಅಂಗಡಿಯಾತ ಅರವತ್ತು ದಾಟಿದ ಮನುಷ್ಯ. ಕೊರಳಿಗೆ ಕಟ್ಟುವ ಬಟ್ಟೆಯೂ ಕಿತ್ತಳೆ ಬಣ್ಣದ್ದು, ಏಕೆಂದರೆ ಅಲ್ಲಿನ ವಿಶ್ವವಿದ್ಯಾಲಯದ ತಂಡದ ಬಣ್ಣ ಕಿತ್ತಳೆ. 2017ರ ನವೆಂಬರಿನಲ್ಲಿ ಹೋದಾಗ ಕನ್ನಡಿಯ ಚೌಕಟ್ಟಿಗೆ ಒಂದು ಚೀಟಿ ಸಿಕ್ಕಿಸಿತ್ತು. ಕನ್ನಡಕ ತೆಗೆದಿಟ್ಟು ಕೂತಿದ್ದರಿಂದ ನನಗೆ ಅಕ್ಷರ ಕಾಣಲಿಲ್ಲ. ಕೇಳಿದೆ. ಕತ್ತರಿ ನಿಲ್ಲಿಸಿ ಅವರೇ ಓದಿ ಹೇಳಿದರು. ಆರು ಹೆಸರು. ಮೊದಲನೆಯದರ ಕೆಳಗೆ ಎರಡು ಗೆರೆ.

ಅದು ಫುಟ್‌ಬಾಲ್ ತಂಡಕ್ಕೆ ಮುಂದಿನ ಮುಖ್ಯ ಕೋಚ್ ಯಾರಾಗಬೇಕು ಎಂಬ ಪಟ್ಟಿ. ಪಟ್ಟಿ ಮಾಡು ಅಂತ ಅವರನ್ನು ಯಾರೂ ಕೇಳಿರಲಿಲ್ಲ. ಆ ತಿಂಗಳು ಊರಿನ ಪೆಟ್ರೋಲ್ ಬಂಕಿನವನ ಹತ್ತಿರವೂ, ನನ್ನ ವಿಭಾಗದ ಗುಮಾಸ್ತೆಯ ಹತ್ತಿರವೂ ಒಂದೊಂದು ಪಟ್ಟಿ ಇತ್ತು.

ಇಲ್ಲಿ ಎರಡು ಮಾತು ಬಿಡಿಸಿ ಹೇಳಬೇಕು. ಅಮೆರಿಕದ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಕಾಲೇಜು ತಂಡ ಅಂದಾಕ್ಷಣ ನಮ್ಮ ಕಣ್ಣಿಗೆ ಬರುವುದು ಅಂತರ ಕಾಲೇಜು ಪಂದ್ಯಾವಳಿ, ನಾಲ್ಕು ಸಾಲು ಪ್ರೇಕ್ಷಕರು, ಒಂದು ಬಕೆಟ್ ನಿಂಬೆ ಶರಬತ್ತು. ಅಲ್ಲಿ ಹಾಗಲ್ಲ. ನಾಕ್ಸ್‌ವಿಲ್ ನಗರದ ಜನಸಂಖ್ಯೆ ಆಗ ಎರಡು ಲಕ್ಷ ಮುಟ್ಟುತ್ತಿರಲಿಲ್ಲ. ವಿಶ್ವವಿದ್ಯಾಲಯದ ನೀಲಂಡ್ ಕ್ರೀಡಾಂಗಣದಲ್ಲಿ ಮಾತ್ರ ಒಂದು ಲಕ್ಷಕ್ಕೂ ಮೀರಿ ಜನ ಕೂರಬಹುದು. ಪಕ್ಕದಲ್ಲೇ ಟೆನೆಸೀ ನದಿ. ಪಂದ್ಯದ ದಿನ ಜನ ದೋಣಿಗಳಲ್ಲಿ ಬಂದು ದಡಕ್ಕೆ ಕಟ್ಟಿಹಾಕಿ, ಅಲ್ಲೇ ಮಾಂಸ ಸುಟ್ಟು ತಿಂದು, ಆಮೇಲೆ ಒಳಗೆ ಹೋಗುತ್ತಾರೆ. ನನಗೆ ಅದು ಥೇಟ್ ಜಾತ್ರೆಯ ಹಾಗೆ ಕಂಡಿತು. ತೇರಿನ ಬದಲು ಚೆಂಡು, ಅಷ್ಟೆ.

ಆ ಜಾತ್ರೆಗೆ ಕೋಚೇ ಯಜಮಾನ. ಆಗಿನ್ನೂ ಆಟಗಾರರಿಗೆ ವಿದ್ಯಾರ್ಥಿವೇತನದ ಆಚೆಗೆ ಹಣ ಕೊಡುವಂತಿರಲಿಲ್ಲ. ದುಡ್ಡೆಲ್ಲ ಹರಿಯುತ್ತಿದ್ದದ್ದು ಕೋಚ್ ಕಡೆಗೆ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಎಲ್ಲರಿಗಿಂತ ಮೇಲಿರುವವನು ಗವರ್ನರ್ ಅಲ್ಲ, ಫುಟ್‌ಬಾಲ್ ಕೋಚ್. ಅವಧಿ ಮುಗಿಯುವ ಮುಂಚೆ ಕಳಿಸಿದರೆ ಉಳಿದ ವರ್ಷಗಳ ಹಣದ ದೊಡ್ಡ ಪಾಲನ್ನೂ ಸಾಮಾನ್ಯವಾಗಿ ಕೊಡಬೇಕು. ಟೆಕ್ಸಸ್ ಎ ಆಂಡ್ ಎಂ ವಿಶ್ವವಿದ್ಯಾಲಯ 2023ರಲ್ಲಿ ಜಿಂಬೋ ಫಿಶರ್ ಎಂಬ ಕೋಚನ್ನು ಮನೆಗೆ ಕಳಿಸಲು ಒಪ್ಪಿಕೊಂಡ ಮೊತ್ತ ಸುಮಾರು 7 ಕೋಟಿ 60 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ 600 ಕೋಟಿ ರೂಪಾಯಿಗೂ ಹೆಚ್ಚು. ಅದೂ ಇನ್ನು ಮುಂದೆ ಕೆಲಸ ಮಾಡಬೇಡಪ್ಪಾ ಎನ್ನುವುದಕ್ಕೆ.

ಟೆನೆಸೀಯವರಿಗೆ ಒಂದು ಹಳೆಯ ವೈಭವವಿತ್ತು. ಫಿಲಿಪ್ ಫುಲ್ಮರ್ ಎಂಬ ಮನೆಮಗ ಕೋಚ್ ಆಗಿದ್ದಾಗ 1998ರ ಸಾಲಿನ ರಾಷ್ಟ್ರೀಯ ಪ್ರಶಸ್ತಿ ಬಂದಿತ್ತು. 2008ರಲ್ಲಿ ಅವರನ್ನು ಇಳಿಸಿದರು. ಅಲ್ಲಿಂದ ಶನಿ ಹೆಗಲೇರಿತು. ಆಮೇಲೆ ಬಂದ ಲೇನ್ ಕಿಫಿನ್ ಒಂದೇ ವರ್ಷಕ್ಕೆ ಕ್ಯಾಲಿಫೋರ್ನಿಯಾಕ್ಕೆ ಹಾರಿಹೋದಾಗ ಹುಡುಗರು ರಾತ್ರೋರಾತ್ರಿ ಹಾಸಿಗೆಗಳಿಗೆ ಬೆಂಕಿ ಇಟ್ಟಿದ್ದರಂತೆ. ನಂತರ ಡೆರೆಕ್ ಡೂಲಿ, ಬುಚ್ ಜೋನ್ಸ್. 2017ರ ನವೆಂಬರಿನಲ್ಲಿ ಮಿಸೌರಿ ವಿರುದ್ಧ 50–17ರಿಂದ ಸೋತ ಮರುದಿನವೇ ಜೋನ್ಸ್ ಅವರನ್ನು ತೆಗೆದರು. ಆ ವರ್ಷ ತಂಡ ಎಂಟು ಪಂದ್ಯ ಸೋತಿತು. ಅದರ ಇತಿಹಾಸದಲ್ಲೇ ಅಷ್ಟು ಸೋಲು ಒಂದು ಋತುವಿನಲ್ಲಿ ಬಂದಿರಲಿಲ್ಲ.

ಇನ್ನು ಹುಡುಕಾಟ. ನಮ್ಮಲ್ಲಿ ಮದುವೆಗೆ ಹುಡುಗನನ್ನು ನೋಡುವಾಗ ನಡುಮನೆಯಲ್ಲಿ ಕೂತ ಹಿರಿಯರ ಮಾತು ಕೇಳಿದ್ದೀರಲ್ಲ, ಅದೇ ಧಾಟಿ. ಇವನು ಯಾರ ಗರಡಿಯಲ್ಲಿ ಪಳಗಿದವನು? ಹಿಂದಿನ ಕಡೆ ಯಾಕೆ ಬಿಟ್ಟ? ನಮ್ಮ ಸೀಮೆಯವನೋ ಹೊರಗಿನವನೋ? ಈ ಕೊನೆಯ ಪ್ರಶ್ನೆ ಬರೀ ಜಂಬದ್ದಲ್ಲ. ಕೋಚ್ ಆದವನು ಹದಿನೇಳು ಹದಿನೆಂಟರ ಹುಡುಗರ ಮನೆಗೆ ಹೋಗಿ, ಅವರ ತಾಯಂದಿರ ಎದುರು ಸೋಫಾ ಮೇಲೆ ಕೂತು, ನಿಮ್ಮ ಮಗನನ್ನು ನಮ್ಮಲ್ಲಿಗೆ ಕಳಿಸಿ ಎಂದು ಒಪ್ಪಿಸಬೇಕು. ಆ ಸೀಮೆಯ ಮಾತು, ಮರ್ಯಾದೆ ಗೊತ್ತಿಲ್ಲದವನಿಗೆ ಅದು ಕಷ್ಟ. ಆ ವರ್ಷ ಇನ್ನೊಂದು ಅವಸರವೂ ಇತ್ತು. ಹುಡುಗರು ತಂಡ ಸೇರುವ ಒಪ್ಪಂದಕ್ಕೆ ಫೆಬ್ರುವರಿಯ ಬದಲು ಡಿಸೆಂಬರಿನಲ್ಲೇ ಸಹಿ ಹಾಕಬಹುದು ಎಂಬ ಹೊಸ ನಿಯಮ ಜಾರಿಗೆ ಬಂದದ್ದು ಆಗಲೇ.

ಚೀಟಿಯಲ್ಲಿ ಎರಡು ಗೆರೆ ಎಳೆಸಿಕೊಂಡ ಹೆಸರು ಜಾನ್ ಗ್ರೂಡನ್. ವೃತ್ತಿಪರ ಫುಟ್‌ಬಾಲಿನಲ್ಲಿ ಟ್ಯಾಂಪಾ ಬೇ ತಂಡಕ್ಕೆ ಸೂಪರ್ ಬೌಲ್ ಎಂಬ ವರ್ಷದ ಅಂತಿಮ ಪಂದ್ಯ ಗೆದ್ದುಕೊಟ್ಟವರು. 2008ರ ನಂತರ ಯಾವ ತಂಡಕ್ಕೂ ಕೋಚ್ ಆಗಿರಲಿಲ್ಲ, ಟಿವಿಯಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದರು. ಯಾವ ಕಾಲೇಜು ತಂಡಕ್ಕೂ ಅವರು ಮುಖ್ಯ ಕೋಚ್ ಆದದ್ದೇ ಇಲ್ಲ. ಹಾಗಿದ್ದರೆ ಇವರೇ ಯಾಕೆ ಬೇಕು ಅಂತ ಕೇಳಿದೆ.

"ಹೆಂಡತಿ ನಮ್ಮ ಯೂನಿವರ್ಸಿಟಿಯಲ್ಲೇ ಚಿಯರ್‌ಲೀಡರ್ ಆಗಿದ್ದವಳು. ಆತನೂ ಇಲ್ಲೇ ಕೋಚ್‌ಗಳ ಕೈಕೆಳಗೆ ಕೆಲಸ ಕಲಿತದ್ದು. ಬಂದೇ ಬರ್ತಾನೆ ನೋಡ್ತಾ ಇರು," ಎಂದರು.

ಅಂದರೆ ಊರ ಅಳಿಯ. ಹೊರಗೆ ಹೆಸರು ಮಾಡಿದ ಅಳಿಯ ಒಂದು ದಿನ ಮಾವನ ಮನೆಯ ಕಷ್ಟಕ್ಕೆ ಬಂದೇ ಬರುತ್ತಾನೆ ಎಂಬ ನಂಬಿಕೆ. ಈ ಗಾಳಿಸುದ್ದಿಗೆ ಒಂದು ಹೆಸರೂ ಇತ್ತು: ಗ್ರೂಡನ್ ಮತ್ತು ರೂಮರ್ ಕೂಡಿಸಿ 'ಗ್ರೂಮರ್ಸ್'. ಇವತ್ತು ಅವರನ್ನು ಹೋಟೆಲಿನಲ್ಲಿ ಕಂಡೆ ಎನ್ನುವವನೊಬ್ಬ, ಮನೆ ನೋಡುತ್ತಿದ್ದರಂತೆ ಎನ್ನುವವನೊಬ್ಬ. ವಿಮಾನಗಳ ಬಾಲದ ನಂಬರ್ ಹಿಡಿದು, ಯಾವ ಖಾಸಗಿ ಜೆಟ್ ಎಲ್ಲಿಂದ ಹೊರಟು ಎಲ್ಲಿ ಇಳಿಯಿತು ಅಂತ ಫೋನಿನಲ್ಲಿ ನೋಡುತ್ತ ರಾತ್ರಿ ಕಳೆಯುವವರೂ ಇದ್ದರು. ಕ್ಷೌರದವರ ಮೊಮ್ಮಗ ಅಂಥವನು. ಈ ಹುಚ್ಚಿಗೂ ಒಂದು ಹಿನ್ನೆಲೆ ಇದೆ. 2003ರಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಅಧ್ಯಕ್ಷರೇ ತಮ್ಮ ಕೋಚ್ ಟಾಮಿ ಟಬರ್‌ವಿಲ್ ಕೆಲಸದಲ್ಲಿ ಇರುವಾಗಲೇ ಗುಟ್ಟಾಗಿ ಜೆಟ್ ಹತ್ತಿ ಇನ್ನೊಬ್ಬ ಕೋಚನ್ನು ಮಾತಾಡಿಸಲು ಹೋಗಿದ್ದರು. ಸುದ್ದಿ ಸೋರಿತು, ಅಧ್ಯಕ್ಷರ ಕುರ್ಚಿ ಹೋಯಿತು. ಟಬರ್‌ವಿಲ್ ಉಳಿದರು, ಮರುವರ್ಷ ಹದಿಮೂರಕ್ಕೆ ಹದಿಮೂರೂ ಪಂದ್ಯ ಗೆದ್ದರು.

ನವೆಂಬರ್ 26, ಭಾನುವಾರ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು: ಕ್ರೀಡಾ ನಿರ್ದೇಶಕ ಜಾನ್ ಕರಿ ಒಬ್ಬರನ್ನು ಗೊತ್ತುಮಾಡಿದ್ದಾರೆ, ಹೆಸರು ಗ್ರೆಗ್ ಶಿಯಾನೊ. ರಟ್ಗರ್ಸ್ ಎಂಬ ಸೋತು ಸುಣ್ಣವಾಗಿದ್ದ ತಂಡವನ್ನು ಎತ್ತಿ ನಿಲ್ಲಿಸಿದವರು, ಆಗ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡದಲ್ಲಿ ರಕ್ಷಣಾ ವಿಭಾಗ ನೋಡಿಕೊಳ್ಳುತ್ತಿದ್ದರು. ಚೀಟಿಯ ಆರರಲ್ಲಿ ಆ ಹೆಸರು ಇರಲಿಲ್ಲ. ಯಾರ ಚೀಟಿಯಲ್ಲೂ ಇದ್ದಂತಿಲ್ಲ.

ಶಿಯಾನೊ 1990ರ ದಶಕದ ಮೊದಲ ಭಾಗದಲ್ಲಿ ಪೆನ್ ಸ್ಟೇಟ್‌ನಲ್ಲಿ ಸಹಾಯಕ ಕೋಚ್ ಆಗಿದ್ದರು. ಅಲ್ಲಿನ ಜೆರಿ ಸ್ಯಾಂಡಸ್ಕಿ ಎಂಬ ಕೋಚ್ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ 2012ರಲ್ಲಿ ಅಪರಾಧಿ ಎಂದು ತೀರ್ಮಾನವಾದವನು. ಶಿಯಾನೊಗೆ ಅದರ ಸುಳಿವಿತ್ತು ಅಂತ ಇನ್ನೊಬ್ಬರು ಹೇಳಿದ್ದನ್ನು ಕೇಳಿದ್ದೆ ಎಂದು ಒಬ್ಬರು ಸಾಕ್ಷ್ಯ ನುಡಿದಿದ್ದರು. ಕೇಳಿದ ಮಾತಿನ ಮೇಲೆ ಕೇಳಿದ ಮಾತು. ಶಿಯಾನೊ ಅದನ್ನು ಅಲ್ಲಗಳೆದಿದ್ದರು, ಅವರ ಮೇಲೆ ಯಾವ ಮೊಕದ್ದಮೆಯೂ ಇರಲಿಲ್ಲ.

ವಿಶ್ವವಿದ್ಯಾಲಯದ ಆವರಣದಲ್ಲಿ ಒಂದು ದೊಡ್ಡ ಬಂಡೆಯಿದೆ. ಹೆಸರೇ 'ದಿ ರಾಕ್'. ಹುಟ್ಟುಹಬ್ಬ, ಪ್ರೇಮ ನಿವೇದನೆ, ಚುನಾವಣೆ, ಏನೇ ಇರಲಿ ವಿದ್ಯಾರ್ಥಿಗಳು ಅದರ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. ಅಂದು ಆ ಆರೋಪವನ್ನೇ ಸಾಬೀತಾದ ಸತ್ಯವೆಂಬಂತೆ ಬರೆದರು. ನಾನು ಹೋಗಿ ನೋಡಿದಾಗ ಬಣ್ಣ ಇನ್ನೂ ಒಣಗಿರಲಿಲ್ಲ, ಕೆಳಗಿನ ಅಕ್ಷರಗಳು ಹುಲ್ಲಿನ ಮೇಲೆ ಸೋರುತ್ತಿದ್ದವು. ಸುತ್ತ ಜನ ಫೋಟೊ ತೆಗೆಯುತ್ತಿದ್ದರು. ರಾಜ್ಯದ ಶಾಸಕರೂ ದನಿ ಸೇರಿಸಿದರು. ಕತ್ತಲಾಗುವ ಹೊತ್ತಿಗೆ ಒಪ್ಪಂದ ಮುರಿದುಬಿತ್ತು. ನಿಶ್ಚಿತಾರ್ಥಕ್ಕೆ ಬಂದ ಬೀಗರನ್ನು ಬಾಗಿಲಿಂದಲೇ ಕಳಿಸಿದ ಹಾಗೆ.

ಅಂದು ಅಲ್ಲಿ ನಿಂತವರಲ್ಲಿ ಮಕ್ಕಳ ವಿಷಯಕ್ಕೇ ಮನಸ್ಸು ಕುದ್ದು ಬಂದವರು ಇದ್ದರು, ಅನುಮಾನವಿಲ್ಲ. ಆದರೆ ಶಿಯಾನೊ ಬದಲು ಗ್ರೂಡನ್ ಮೇಲೆ ಅಂಥದೇ ಒಂದು ಕೇಳಿದ ಮಾತು ಇದ್ದಿದ್ದರೆ ಬಂಡೆಗೆ ಬಣ್ಣ ಬೀಳುತ್ತಿತ್ತೇ? ನನಗೆ ಹಾಗನ್ನಿಸುವುದಿಲ್ಲ. ಎಷ್ಟೋ ಜನಕ್ಕೆ ಶಿಯಾನೊ ತಮ್ಮ ಯೋಗ್ಯತೆಗೆ ಕಡಿಮೆಯವರಾಗಿ ಕಂಡಿದ್ದರು. ನಮ್ಮ ಮನೆತನಕ್ಕೆ ಇಷ್ಟೇನಾ ಬೆಲೆ ಎಂಬ ಅವಮಾನ ಅದು. ಆ ಅವಮಾನಕ್ಕೆ ಹಿಡಿದುಕೊಳ್ಳಲು ಒಂದು ದೊಡ್ಡ ಕಾರಣ ಸಿಕ್ಕಿತು. ಇದನ್ನು ನಾನು ಕ್ಷೌರದಂಗಡಿಯಲ್ಲಿ ಹೇಳಲಿಲ್ಲ. ತಲೆ ಅವರ ಕೈಯಲ್ಲಿತ್ತು, ಕೈಯಲ್ಲಿ ಕತ್ತಿಯೂ ಇತ್ತು.

ಆಮೇಲಿನ ಒಂದು ವಾರ ಹೇಳಿಕೊಳ್ಳುವಂಥದ್ದಲ್ಲ. ಒಕ್ಲಹೋಮಾ ಸ್ಟೇಟ್‌ನ ಮೈಕ್ ಗಂಡಿ ಇದ್ದಲ್ಲೇ ಇರುತ್ತೇನೆ ಅಂದರು. ಪರ್ಡ್ಯೂನ ಜೆಫ್ ಬ್ರೋಮ್, ನಾರ್ತ್ ಕೆರೊಲಿನಾ ಸ್ಟೇಟ್‌ನ ಡೇವ್ ಡೋರನ್ ಹೆಸರುಗಳು ಬಂದು ಹೋದವು. ಕರಿ ಕೊನೆಗೆ ಲಾಸ್ ಏಂಜಲೀಸ್‌ಗೆ ಹೋಗಿ ಮೈಕ್ ಲೀಚ್ ಜೊತೆ ಮಾತಾಡಿದರು. ಲೀಚ್ ಕಡಲುಗಳ್ಳರ ಕಥೆಯಿಂದ ಹಿಡಿದು ಮದುವೆ ಊಟದವರೆಗೆ ಯಾವ ವಿಷಯಕ್ಕೂ ಗಂಟೆಗಟ್ಟಲೆ ಮಾತಾಡಬಲ್ಲ ವಿಚಿತ್ರ ಮನುಷ್ಯರಾಗಿದ್ದರು, ನನಗಂತೂ ಅವರು ಬಂದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಡಿಸೆಂಬರ್ 1ರಂದು ಕರಿ ಅವರನ್ನೇ ಅಮಾನತು ಮಾಡಿದರು. ಕೆಲಸಕ್ಕೆ ಬಂದು ಎಂಟು ತಿಂಗಳಾಗಿತ್ತು. ಆ ಜಾಗಕ್ಕೆ ಯಾರು ಬಂದರು ಹೇಳಿ? ಹಳೆಯ ಮನೆಮಗ ಫುಲ್ಮರ್. ಅವರು ಆರಿಸಿದ್ದು ಜೆರೆಮಿ ಪ್ರೂಯಿಟ್‌ರನ್ನು, ಅಲಬಾಮಾದ ಆಗಿನ ಹೆಸರಾಂತ ಕೋಚ್ ನಿಕ್ ಸೇಬನ್ ಗರಡಿಯ ಆಳು. ದಕ್ಷಿಣದವರು, ಹುಡುಗರ ಮನೆಗಳಲ್ಲಿ ಮಾತು ನಡೆಯುತ್ತದೆ. ಊರು ಸಮಾಧಾನದ ಉಸಿರುಬಿಟ್ಟಿತು. ಜನವರಿಯಲ್ಲಿ ಅಳಿಯ ಗ್ರೂಡನ್ ಓಕ್‌ಲಂಡಿನ ವೃತ್ತಿಪರ ತಂಡಕ್ಕೆ ಹೋದರು. ಹತ್ತು ವರ್ಷಕ್ಕೆ ಹತ್ತು ಕೋಟಿ ಡಾಲರ್ ಅಂತ ಪತ್ರಿಕೆಗಳು ಬರೆದವು.

ಪ್ರೂಯಿಟ್ ಜಾತಕ ಚೆನ್ನಾಗಿಯೇ ಇತ್ತು. ಮೂರು ವರ್ಷದಲ್ಲಿ ಹದಿನಾರು ಗೆಲುವು, ಹತ್ತೊಂಬತ್ತು ಸೋಲು. ಜಾರ್ಜಿಯಾ ಸ್ಟೇಟ್ ಎಂಬ ಚಿಕ್ಕ ತಂಡದ ಕೈಯಲ್ಲಿ, ಅದೂ ಸ್ವಂತ ನೆಲದಲ್ಲಿ, ಸೋಲು. ಅದಕ್ಕಿಂತ ಕೆಟ್ಟದ್ದೆಂದರೆ ಹುಡುಗರನ್ನೂ ಅವರ ಮನೆಯವರನ್ನೂ ನಿಯಮ ಮೀರಿ ದುಡ್ಡು, ಸವಲತ್ತು ಕೊಟ್ಟು ಸೆಳೆದ ಪ್ರಕರಣ. 2021ರ ಜನವರಿಯಲ್ಲಿ ಅವರನ್ನು ವಜಾ ಮಾಡಿದರು, ಫುಲ್ಮರ್ ನಿವೃತ್ತರಾದರು. ವಿಶ್ವವಿದ್ಯಾಲಯಕ್ಕೆ ಬಿದ್ದ ದಂಡ 80 ಲಕ್ಷ ಡಾಲರ್‌ಗೂ ಹೆಚ್ಚು.

ಆಗ ಫ್ಲಾರಿಡಾದಿಂದ ಹೊಸ ನಿರ್ದೇಶಕ ಡ್ಯಾನಿ ವೈಟ್ ಬಂದರು. ಬರುವಾಗ ಅಲ್ಲಿನ ತಮ್ಮದೇ ಕೋಚ್ ಜಾಶ್ ಹೈಪಲ್‌ರನ್ನು ಕರೆತಂದರು. ಬಂಡೆಗೆ ಬಣ್ಣ ಬೀಳಲಿಲ್ಲ, ಪಟಾಕಿಯೂ ಹೊಡೆಯಲಿಲ್ಲ. ಜಗಳವಾಡಲೂ ಯಾರಿಗೂ ಶಕ್ತಿ ಉಳಿದಿರಲಿಲ್ಲ. 2022ರ ಅಕ್ಟೋಬರ್ 15ರಂದು ಅದೇ ಹೈಪಲ್ ತಂಡ, ಸತತ ಹದಿನೈದು ವರ್ಷ ತಮ್ಮನ್ನು ಬಡಿದಿದ್ದ ಅಲಬಾಮಾವನ್ನು 52–49ರಿಂದ ಸೋಲಿಸಿತು, ಕೊನೆಯ ಕ್ಷಣದ ಒಂದೇ ಒದೆತದಲ್ಲಿ. ಜನ ಮೈದಾನಕ್ಕೆ ನುಗ್ಗಿ, ಗೋಲ್ ಕಂಬ ಕಿತ್ತು, ಹೆಗಲ ಮೇಲೆ ಹೊತ್ತು ನಡೆದು ಟೆನೆಸೀ ನದಿಗೆ ಎಸೆದರು. ಹೊಸ ಕಂಬಕ್ಕೆ ವಿಶ್ವವಿದ್ಯಾಲಯ ಜನರಲ್ಲೇ ಚಂದಾ ಎತ್ತಿತು.

ಆ ಡಿಸೆಂಬರಿನಲ್ಲಿ ಏನೋ ಕೆಲಸದ ಮೇಲೆ ನಾಕ್ಸ್‌ವಿಲ್‌ಗೆ ಹೋಗಿದ್ದೆ. ಅಂಗಡಿಯವರು ಗುರುತು ಹಿಡಿದರು. ಕಿತ್ತಳೆ ಬಟ್ಟೆ ಕಟ್ಟಿದರು. ಈಗ ಖುಷಿಯಾ ಅಂತ ಕೇಳಿದೆ.

"ಖುಷಿಯೇನೋ ಖುಷಿ. ಆದರೆ ಇಷ್ಟು ಗೆದ್ದ ಮೇಲೆ ಯಾರಾದರೂ ಹೆಚ್ಚು ದುಡ್ಡು ತೋರಿಸಿ ಎಳಕೊಂಡು ಹೋಗ್ತಾರಲ್ಲಾ. ನಾವು ಮುಂಚೇನೇ ಯೋಚನೆ ಮಾಡಿಟ್ಟಿರಬೇಕು," ಅಂದವರೇ ಕತ್ತರಿಯ ತುದಿಯಿಂದ ಕನ್ನಡಿಯ ಕಡೆ ತೋರಿಸಿದರು.

ಕನ್ನಡಕ ತೆಗೆದಿಟ್ಟಿದ್ದೆ. ಹೆಸರು ಕಾಣಲಿಲ್ಲ, ಕೆಳಗಿನ ಎರಡು ಗೆರೆ ಕಂಡಿತು.